ಸಣ್ಣ ಉಪ್ಪುನೀರಿನ ತೊಟ್ಟಿಗೆ ತಕ್ಕ ಮೀನುಗಳು

ನಮ್ಮ ಕಾಲೇಜಿನ ವಾಚನಾಲಯದ ಮೂಲೆಯಲ್ಲಿ, ಗೆಜೆಟಿಯರುಗಳ ಕಪಾಟಿನ ಪಕ್ಕದಲ್ಲಿ, ಒಂದು ಗಾಜಿನ ತೊಟ್ಟಿ ಇರುವುದನ್ನು ಎಲ್ಲರೂ ಬಲ್ಲರು. ಅದರಲ್ಲಿ ಮೂರು ಮೀನುಗಳೂ ಒಂದು ಸಿಗಡಿಯೂ ಇವೆ. ‘ಇಷ್ಟು ದೊಡ್ಡ ತೊಟ್ಟಿಗೆ ಮೂರೇ ಮೀನೆ?’ ಎಂದು ಕೇಳದವರಿಲ್ಲ. ಈ ವರ್ಷ ಪ್ರಥಮ ಬಿ.ಎ. ವರ್ಗದ ಮಿತ್ರರು ಕೇಳಿ ಸುಮ್ಮನಾಗಲಿಲ್ಲ. ತಲೆಗಿಷ್ಟೆಂದು ವರ್ಗಣಿ ಕೂಡಿಸಿ, ತೊಟ್ಟಿಗೆ ಒಂದು ನೀಲಿ ಮೀನನ್ನು ಕಾಣಿಕೆಯಾಗಿ ಕೊಡುವೆವೆಂದು ಗ್ರಂಥಪಾಲಕರಿಗೆ ಅರ್ಜಿಯನ್ನೂ ಬರೆದುಕೊಟ್ಟಿದ್ದಾರೆ. ಗ್ರಂಥಪಾಲಕರು ಅದರ ಮೇಲೆ ‘ತೊಟ್ಟಿ ನೋಡಿಕೊಳ್ಳುವವರ ಅಭಿಪ್ರಾಯಕ್ಕೆ’ ಎಂದು ಬರೆದು ನನ್ನ ಕೈಗಿತ್ತರು. ನೋಡಿಕೊಳ್ಳುವವನು ನಾನು. ಅಭಿಪ್ರಾಯ ಬರೆಯಲು ಅರ್ಜಿಯ ಅಂಚಿನಲ್ಲಿ ಸ್ಥಳ ಸಾಲದೆ ಇಲ್ಲಿ ಬರೆಯುತ್ತಿದ್ದೇನೆ.

ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ. ನಮ್ಮದು ಕಲಾ ಕಾಲೇಜಾದುದರಿಂದ ಪ್ರಾಣಿಶಾಸ್ತ್ರದ ಗುರುಗಳು ನಮಗಿಲ್ಲ. ಮೂರು ವರ್ಷಗಳಲ್ಲಿ ನಾನು ತಿಳಿದುಕೊಂಡದ್ದರಲ್ಲಿ ಅರ್ಧ ಪುಸ್ತಕಗಳಿಂದ ಬಂದುದು, ಉಳಿದರ್ಧ ಸತ್ತ ಮೀನುಗಳಿಂದ ಬಂದುದು.

ಮೊದಲು ತೊಟ್ಟಿಯ ವಿಚಾರ. ಅದರ ಉದ್ದ ಎರಡೂವರೆ ಅಡಿ, ಅಗಲ ಎತ್ತರಗಳು ಒಂದೂಕಾಲು ಅಡಿ. ಮರಳು, ಕಲ್ಲು ಹಾಕಿ ಅಂಚಿನವರೆಗೆ ತುಂಬದೆ ಬಿಟ್ಟರೆ ಸುಮಾರು 90 ಲೀಟರ್ ನೀರು ಹಿಡಿಯುತ್ತದೆ. ನೋಡುವವರ ಕಣ್ಣಿಗೆ ಇದು ದೊಡ್ಡದು. ಸಿಹಿನೀರಿನ ಮೀನುಗಳಿಗಾದರೆ ನಿಜವಾಗಿಯೂ ದೊಡ್ಡದೇ. ಆದರೆ ಉಪ್ಪುನೀರಿನ ಲೆಕ್ಕ ಬೇರೆ. 27 ಡಿಗ್ರಿ ಉಷ್ಣತೆಯ ಒಂದು ಲೀಟರ್ ಸಿಹಿನೀರಿನಲ್ಲಿ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲುದು. ಅದೇ ಉಷ್ಣತೆಯ ಕಡಲನೀರಿನಲ್ಲಿ ಕರಗುವುದು ಆರೂವರೆಯಷ್ಟೆ. ಎಂದರೆ ಅದೇ ಅಳತೆಯ ತೊಟ್ಟಿಯಲ್ಲಿ ಉಸಿರಾಟದ ಬಂಡವಾಳವೇ ಕಡಮೆ. ಖರ್ಚಿನ ಕಡೆಯಲ್ಲಿ, ಮೀನು ತಿಂದದ್ದರ ಫಲವಾಗಿ ಕಿವಿರುಗಳಿಂದ ಅಮೋನಿಯವನ್ನು ಹೊರಬಿಡುತ್ತದೆ. ಕಡಲನೀರು ಸ್ವಲ್ಪ ಕ್ಷಾರಗುಣದ್ದಾದುದರಿಂದ ಈ ಅಮೋನಿಯದಲ್ಲಿ ವಿಷವಾಗುವ ರೂಪದ ಪಾಲು ಸಾಮಾನ್ಯ ಸಿಹಿನೀರಿನಲ್ಲಿರುವುದಕ್ಕಿಂತ ಹೆಚ್ಚಾಗಿರುತ್ತದೆ. ಕಡಲಲ್ಲಿ ಇದನ್ನು ತೊಳೆದುಹಾಕಲು ಕಡಲೇ ಇದೆ. ತೊಟ್ಟಿಯಲ್ಲಿ ಆ ಕೆಲಸ ಮರಳಿನಲ್ಲಿಯೂ ಕಲ್ಲಿನ ರಂಧ್ರಗಳಲ್ಲಿಯೂ ಮನೆಮಾಡುವ ಬ್ಯಾಕ್ಟೀರಿಯಗಳದು. ಒಂದು ಬಗೆಯವು ಅಮೋನಿಯವನ್ನು ನೈಟ್ರೈಟಾಗಿಯೂ, ಇನ್ನೊಂದು ಬಗೆಯವು ಅದನ್ನು ಅಷ್ಟೇನೂ ಕೇಡು ಮಾಡದ ನೈಟ್ರೇಟಾಗಿಯೂ ಪರಿವರ್ತಿಸುತ್ತವೆ. ಹೊಸ ತೊಟ್ಟಿಯಲ್ಲಿ ಇವು ಸಾಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ತೊಟ್ಟಿಯಲ್ಲಿ ಮೀನಿಲ್ಲದೆ, ಬರಿಯ ನೀರು ಕಲ್ಲುಗಳನ್ನು ನೋಡುತ್ತ ಕೂಡಬೇಕು. ಈ ತಪಸ್ಸು ನಮ್ಮಿಂದಾಗಲಿಲ್ಲ ಎಂಬುದೇ ಮುಂದಿನ ಕಥೆ.

ಪ್ರಥಮ ವರ್ಷದಲ್ಲಿ ನಾನೂ ನನ್ನ ಇಬ್ಬರು ಸಹಪಾಠಿಗಳೂ ಸೇರಿ ಈ ತೊಟ್ಟಿಯ ಕೆಲಸಕ್ಕೆ ಕೈಹಾಕಿದೆವು. ಹಳೆಯ ವಿದ್ಯಾರ್ಥಿಯೊಬ್ಬರು ಕೊಟ್ಟ ತೊಟ್ಟಿ ಖಾಲಿ ಬಿದ್ದಿತ್ತು. ಕಡಲು ನಮ್ಮ ಕಾಲೇಜಿನಿಂದ ಕೂಗಳತೆಯಲ್ಲಿದೆ. ನೀರಿಗೇನು ಬರ ಎಂದು ಕ್ಯಾನು ಹಿಡಿದು ಅಳಿವೆಯ ಬಳಿಗೆ ಹೋದೆವು. ಅಲ್ಲಿ ಬಲೆ ಸರಿಪಡಿಸುತ್ತಿದ್ದ ಹಿರಿಯರೊಬ್ಬರು ನಮ್ಮನ್ನು ನೋಡಿ, “ತಮಾ, ಅಳಿವೆ ನೀರು ಬೇಡ. ಭರತ ಬಂದಾಗ ಉಪ್ಪು, ಇಳಿದಾಗ ಸಪ್ಪೆ. ಹೊರಗಿನ ನೀರು ನಾಳೆ ದೋಣಿಯಲ್ಲಿ ತಂದುಕೊಡ್ತೆ” ಎಂದರು. ಹೇಳಿದಂತೆ ತಂದೂ ಕೊಟ್ಟರು. ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರಬೇಕು. ಅವರು ತಂದ ನೀರು ಮಾಪಕದಲ್ಲಿ 34 ತೋರಿಸಿತು. ನಮ್ಮ ಸಾಹಸದಲ್ಲಿ ಸರಿಯಾದದ್ದು ಇದೊಂದೇ.

ಮೂರನೆಯ ದಿನವೇ ನಾವು ಪರವೂರಿನ ಅಂಗಡಿಯೊಂದಕ್ಕೆ ಹೋಗಿ ಐದು ಮೀನುಗಳನ್ನು ತಂದೆವು. ಆರಿಸಿದವನು ನಾನು. ಆರಿಸಿದ ಕ್ರಮ ಬಣ್ಣ ಒಂದೇ. ಕಪ್ಪು ಮೈಮೇಲೆ ಮೂರು ಬಿಳಿಯ ಬೊಟ್ಟುಗಳುಳ್ಳ ಎರಡು ಡಾಮಿನೊ ಮೀನುಗಳು, ಹಳದಿ ಬಣ್ಣದ ಒಂದು ಚಿಟ್ಟೆಮೀನು, ಉದ್ದನೆಯ ಕರಿಪಟ್ಟೆಯ ಒಂದು ಕ್ಲೀನರ್ ರಾಸ್, ಮತ್ತು ಪೈಠಣಿ ಸೀರೆಯ ಸೆರಗಿನಂತಿದ್ದ ಒಂದು ಮ್ಯಾಂಡರಿನ್. ವಿದ್ಯಾರ್ಥಿ ಸಂಘದ ನಿಧಿಯಿಂದ ಮೂರು ಸಾವಿರದ ಇನ್ನೂರು ರೂಪಾಯಿ ಖರ್ಚಾಯಿತು.

ನಾಲ್ಕನೆಯ ದಿನ ಚಿಟ್ಟೆಮೀನು ನೀರಿನ ಮೇಲ್ಭಾಗದಲ್ಲಿ ಬಾಯ್ದೆರೆದು ನಿಂತಿತ್ತು. ಪರೀಕ್ಷೆಯ ಕೊಳವೆಯಲ್ಲಿ ಹಳದಿಯಾಗಿ ಉಳಿಯಬೇಕಾದ ನೀರು ಕಡುಹಸಿರಾಯಿತು. ಅಮೋನಿಯ ತುಂಬಿತ್ತು. ಅಂದು ಸಂಜೆಯೇ ಅದು ಸತ್ತಿತು. ಎರಡು ದಿನಗಳ ಮೇಲೆ ಕ್ಲೀನರ್ ರಾಸ್ ಹೋಯಿತು. ಹಿರಿಯರಿಗೆ ಹೇಳಿ ಮತ್ತೆ ನೀರು ತರಿಸಿ ಅರ್ಧ ತೊಟ್ಟಿ ಬದಲಿಸಿದ ಮೇಲೆ ಉಳಿದವು ಚೇತರಿಸಿಕೊಂಡವು. ಮ್ಯಾಂಡರಿನ್ ಮಾತ್ರ ಹಾಕಿದ ಯಾವ ಆಹಾರವನ್ನೂ ಮುಟ್ಟಲಿಲ್ಲ. ದಿನವೆಲ್ಲ ಕಲ್ಲನ್ನು ಕುಕ್ಕುತ್ತಿತ್ತು. ನಾವು ಅದು ಊಟ ಮಾಡುತ್ತಿದೆಯೆಂದು ಭಾವಿಸಿದೆವು. ಮೂರು ವಾರಗಳಲ್ಲಿ ಅದರ ಹೊಟ್ಟೆ ಒಳಗೆ ಸೇರಿ, ಬೆನ್ನು ಅಲಗಿನಂತಾಗಿ, ಒಂದು ಬೆಳಿಗ್ಗೆ ಮರಳಿನ ಮೇಲೆ ಮಲಗಿತ್ತು. ಬಣ್ಣ ಮಾಸಿರಲಿಲ್ಲ. ಅದನ್ನು ಕಾಗದದಲ್ಲಿ ಸುತ್ತಿ ಹೊರಗೆ ತಂದಾಗ ಅಂಗಳ ಗುಡಿಸುತ್ತಿದ್ದ ಅಕ್ಕ, “ಇಷ್ಟು ಚೆಂದದ್ದನ್ನ ಹಸಿವಿಂದ ಸಾಯಿಸಿದ್ರಾ?” ಎಂದು ಕೇಳಿದರು. ಅವರಿಗೆ ಹೇಗೆ ತಿಳಿಯಿತೋ! ನಮಗೆ ತಿಳಿದದ್ದು ಅದಾದ ಮೇಲೆ ಪುಸ್ತಕ ನೋಡಿದಾಗ. ಈ ಮೀನು ಬಂಡೆಗಳ ಮೇಲಿನ ಕೊಪೆಪಾಡ್ ಎಂಬ ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕ ಜೀವಿಗಳನ್ನು ದಿನವೆಲ್ಲ ಹೆಕ್ಕಿ ತಿಂದು ಬದುಕತಕ್ಕದ್ದು. ವರ್ಷಗಟ್ಟಲೆ ಹಳೆಯದಾದ ದೊಡ್ಡ ತೊಟ್ಟಿಯಲ್ಲಿ ಮಾತ್ರ ಆ ಜೀವಿಗಳು ಸಾಕಷ್ಟು ಇರುತ್ತವೆ. ಮೂರು ದಿನದ ತೊಟ್ಟಿಯಲ್ಲಿ ಎಲ್ಲಿಂದ ಬರಬೇಕು?

ಉಳಿದ ಎರಡು ಡಾಮಿನೊಗಳಲ್ಲಿ ಒಂದು ಇನ್ನೊಂದನ್ನು ಮೂಲೆಗೊತ್ತಿ, ಈಜುರೆಕ್ಕೆ ಹರಿದು ಕೊಂದಿತು. ಗೆದ್ದದ್ದು ಇಡೀ ತೊಟ್ಟಿಯ ಒಡೆಯನಾಗಿ, ಗಾಜು ಒರೆಸಲು ಕೈಹಾಕಿದರೆ ಕೈಗೂ ಕಚ್ಚುತ್ತಿತ್ತು. ಈ ಜಾತಿ ಬಲು ಗಟ್ಟಿ. ಆದುದರಿಂದಲೇ ಹೊಸಬರಿಗೆ ಇದನ್ನು ಕೊಡುತ್ತಾರೆ. ಅದು ಸುಮಾರು 14 ಸೆಂಟಿಮೀಟರ್ ಬೆಳೆಯುವುದನ್ನೂ, ಬೆಳೆದಂತೆ ಮುಂಗೋಪಿಯಾಗುವುದನ್ನೂ ಯಾರೂ ಹೇಳುವುದಿಲ್ಲ. ಕೊನೆಗೆ ದೊಡ್ಡ ತೊಟ್ಟಿಯಿದ್ದವರೊಬ್ಬರಿಗೆ ಅದನ್ನು ಕೊಟ್ಟು ಕೈಮುಗಿದೆವು. ನಮ್ಮ ಅರ್ಥಶಾಸ್ತ್ರದ ಪ್ರಾಧ್ಯಾಪಕರು ಖಾಲಿ ತೊಟ್ಟಿಯನ್ನು ನೋಡಿ, ‘ಬೇಡಿಕೆಯನ್ನು ಅಂದಾಜು ಮಾಡದೆ ಆಮದು ಮಾಡಿದ್ದರ ಫಲ’ ಎಂದರು. ನಗುತ್ತಲೇ ಹೇಳಿದರು, ನನಗೆ ನಗಲಾಗಲಿಲ್ಲ.

ಅಂದಿನಿಂದ ಮೀನನ್ನು ಆರಿಸುವ ಮೊದಲು ಕೇಳುವ ಪ್ರಶ್ನೆಗಳೇ ಬೇರೆಯಾದವು. ಅದು ಪೂರ್ತಿ ಬೆಳೆದಾಗ ಎಷ್ಟುದ್ದ? ಅಂಗಡಿಯಲ್ಲಿ ಕಾಣುವುದು ಮರಿ. ನಮ್ಮ ಅಳತೆಯ ತೊಟ್ಟಿಗೆ ಬೆಳೆದ ಮೇಲೂ 10 ಸೆಂಟಿಮೀಟರ್ ಮೀರದ ಮೀನುಗಳೇ ತಕ್ಕವು. ಅದು ಏನು ತಿನ್ನುತ್ತದೆ? ಇದನ್ನು ಪುಸ್ತಕದಲ್ಲಿ ನೋಡಿದರೆ ಸಾಲದು. ಅಂಗಡಿಯವರಿಂದ ಎದುರಿಗೇ ಆಹಾರ ಹಾಕಿಸಿ, ಮೀನು ಮುನ್ನುಗ್ಗಿ ತಿನ್ನುವುದನ್ನು ಕಣ್ಣಾರೆ ಕಾಣಬೇಕು. ತಿನ್ನದ ಮೀನು ಎಷ್ಟು ಚೆಲುವಾಗಿದ್ದರೂ, ನಾಳೆ ತಿಂದೀತು ಎಂದು ಎಷ್ಟು ಭರವಸೆ ಕೊಟ್ಟರೂ, ಬಿಟ್ಟು ಬರಬೇಕು. ಅಂಗಡಿಗೆ ಬಂದು ಎಷ್ಟು ದಿನವಾಯಿತೆಂದೂ ಕೇಳಬೇಕು. ನಿನ್ನೆ ಬಂದ ಮೀನಾದರೆ ಒಂದು ವಾರ ಬಿಟ್ಟು ಹೋಗುವುದು ಲೇಸು. ಇನ್ನು ಸ್ವಭಾವ: ಅದು ಜಾಗಕ್ಕಾಗಿ ಕಾದಾಡುವುದೋ, ನೆರೆಯವರೊಡನೆ ಹೊಂದಿಕೊಳ್ಳುವುದೋ? ಕಡಲಿನಲ್ಲಿ ಸೋತ ಮೀನು ಓಡಿಹೋಗುತ್ತದೆ. ಎರಡೂವರೆ ಅಡಿಯ ತೊಟ್ಟಿಯಲ್ಲಿ ಓಡುವುದೆಲ್ಲಿಗೆ?

ಈ ಪ್ರಶ್ನೆಗಳನ್ನು ಹಿಡಿದು ನೋಡಿದರೆ ಚೆಲುವಾದ ಮೀನುಗಳಲ್ಲಿ ಹೆಚ್ಚಿನವು ಜಾರಿಹೋಗುತ್ತವೆ. ಚಿಟ್ಟೆಮೀನುಗಳಲ್ಲಿ ಹಲವು ಜಾತಿಗಳಿಗೆ ಜೀವಂತ ಹವಳವೇ ಆಹಾರ. ಕ್ಲೀನರ್ ರಾಸ್ ದೊಡ್ಡ ಮೀನುಗಳ ಮೈಮೇಲಿನ ಪರೋಪಜೀವಿಗಳನ್ನು ಹೆಕ್ಕಿ ಬದುಕುವ ಕ್ಷೌರಿಕ. ಗಿರಾಕಿಗಳಿಲ್ಲದ ಊರಿನಲ್ಲಿ ಅಂಗಡಿ ತೆರೆದರೆ ಅದರ ಗತಿಯೇನು? ಸಿಂಹಮೀನು ಒಂದು ಅಡಿಗೂ ಮೀರಿ ಬೆಳೆದು, ಬಾಯಿಗೆ ಹಿಡಿಸುವ ಎಲ್ಲ ನೆರೆಯವರನ್ನೂ ನುಂಗುತ್ತದೆ. ಅದರ ಮುಳ್ಳುಗಳಲ್ಲಿ ವಿಷ ಬೇರೆ. ನಮ್ಮ ಅಳಿವೆಯಲ್ಲಿಯೇ ಪುಕ್ಕಟೆ ಸಿಗುವ ಚುಕ್ಕೆಯ ಸ್ಕ್ಯಾಟ್ ಮರಿಗಳನ್ನು ತಂದು ಹಾಕಬಾರದೇಕೆ ಎಂದು ಕೆಲವರು ಕೇಳಿದ್ದುಂಟು. ರೂಪಾಯಿ ಅಗಲದ ಆ ಮರಿ ಒಂದಡಿಗೂ ಮೀರಿ ಬೆಳೆಯಬಲ್ಲುದು. ದಂಡೆಯ ಮರಳಿನ ಬಳಿ ಸಿಗುವ ಗೆರೆಗೆರೆಯ ಟೆರಪಾನ್ ಮರಿಗೆ ಬೇರೆ ಮೀನುಗಳ ಹುರುಪೆ ಕಿತ್ತು ತಿನ್ನುವ ಚಾಳಿ.

ಕಡಲಕುದುರೆಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಕಳೆದ ವರ್ಷ ಬಂದರದ ಹುಡುಗನೊಬ್ಬ ಬಲೆಗೆ ಸಿಕ್ಕ ಕಡಲಕುದುರೆಯೊಂದನ್ನು ಬಾಟಲಿಯಲ್ಲಿ ಜೀವಂತವಾಗಿ ತಂದು, ‘ಕಾಲೇಜಿಗೆ’ ಎಂದು ಅಭಿಮಾನದಿಂದ ಕೊಡಬಂದ. ಅದನ್ನು ಬೇಡವೆನ್ನುವುದು ನನಗೂ ಕಷ್ಟವಾಯಿತು. ಆದರೆ ಕಡಲಕುದುರೆಗಳನ್ನೂ ಎಲ್ಲ ಬಗೆಯ ಗಟ್ಟಿ ಹವಳಗಳನ್ನೂ 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಡಿಸಲಾಗಿದೆ. ಇವನ್ನು ಹಿಡಿಯುವುದೂ ಇಟ್ಟುಕೊಳ್ಳುವುದೂ ಅಪರಾಧ. ಅಲಂಕಾರಕ್ಕೆಂದು ಹವಳದ ತುಂಡನ್ನು ಇಡುವಂತೆಯೂ ಇಲ್ಲ. ಆದುದರಿಂದಲೇ ನಮ್ಮ ತೊಟ್ಟಿಯಲ್ಲಿ ಕರಿಕಲ್ಲಿನ ಚೂರುಗಳೂ ಸುಟ್ಟ ಮಣ್ಣಿನ ರಂಧ್ರವುಳ್ಳ ಬಿಲ್ಲೆಗಳೂ ಇವೆ; ನೋಟಕ್ಕೆ ಬಡತನವೆನಿಸಿದರೆ ಕ್ಷಮಿಸಬೇಕು. ಹುಡುಗನೂ ನಾನೂ ಕೂಡಿ ಹೋಗಿ ಕಡಲಕುದುರೆಯನ್ನು ನೀರಿಗೆ ಬಿಟ್ಟುಬಂದೆವು.

ಹಾಗಾದರೆ ತಕ್ಕ ಮೀನುಗಳು ಯಾವುವು? ಮೊದಲನೆಯದು ಕ್ಲೌನ್ ಮೀನು, ಅದರಲ್ಲೂ ಆಂಫಿಪ್ರಿಯಾನ್ ಒಸೆಲ್ಲಾರಿಸ್ ಎಂಬ ಜಾತಿ. ಕಿತ್ತಳೆ ಮೈಗೆ ಮೂರು ಬಿಳಿಯ ಪಟ್ಟೆ. ಉದ್ದ ಸಾಮಾನ್ಯವಾಗಿ ಎಂಟೊಂಬತ್ತು ಸೆಂಟಿಮೀಟರ್. ಕಡಲಿನಲ್ಲಿ ಇದು ಚುಚ್ಚುವ ಎಳೆಗಳುಳ್ಳ ಕಡಲಹೂವು ಎಂಬ ಪ್ರಾಣಿಯ ಮಡಿಲಲ್ಲಿ ಬದುಕುತ್ತದೆ. ಮನೆಬಿಟ್ಟು ದೂರ ಹೋಗುವ ಅಭ್ಯಾಸವಿಲ್ಲದ್ದರಿಂದ ಸಣ್ಣ ತೊಟ್ಟಿ ಇದಕ್ಕೆ ಸೆರೆಮನೆ ಎನಿಸುವುದಿಲ್ಲ. ತೊಟ್ಟಿಯಲ್ಲಿ ಶತ್ರುಗಳಿಲ್ಲದ್ದರಿಂದ ಕಡಲಹೂವೂ ಬೇಕಾಗಿಲ್ಲ. ಹೂವನ್ನು ಸಾಕುವುದೇ ಮೀನನ್ನು ಸಾಕುವುದಕ್ಕಿಂತ ಕಷ್ಟ. ಈ ಮೀನುಗಳ ಸಂಸಾರದ ನೀತಿ ವಿಚಿತ್ರ. ಮರಿಗಳಾಗಿರುವಾಗ ಯಾವುದೂ ಹೆಣ್ಣಲ್ಲ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗುತ್ತದೆ, ಅದರ ಕೆಳಗಿನದು ಗಂಡಾಗುತ್ತದೆ, ಉಳಿದವು ಬೆಳೆಯದೆ ಕಾಯುತ್ತವೆ. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗಿ ಬದಲಾಗುತ್ತದೆ. 2003ರ ‘ಫೈಂಡಿಂಗ್ ನೀಮೊ’ ಎಂಬ ಪ್ರಸಿದ್ಧ ಚಿತ್ರದಲ್ಲಿ ತಾಯಿ ಸತ್ತ ಮರಿಯನ್ನು ಹುಡುಕುತ್ತ ಹೋಗುವ ತಂದೆ, ಶಾಸ್ತ್ರಪ್ರಕಾರ, ಅಷ್ಟರಲ್ಲಿ ತಾಯಿಯಾಗಬೇಕಾಗಿತ್ತು. ಆದುದರಿಂದ ಎರಡು ಮರಿಗಳನ್ನು ತಂದರೆ ಸಾಕು, ಜೋಡಿ ತಾನೇ ಆಗುತ್ತದೆ. ಮೂರನೆಯದನ್ನು ತಂದರೆ ಅದಕ್ಕೆ ಉಳಿಗಾಲವಿಲ್ಲ.

ಇದನ್ನು ಆರಿಸಲು ಇನ್ನೂ ಒಂದು ಕಾರಣವುಂಟು. 1947ರಲ್ಲಿ ಸ್ಥಾಪಿತವಾದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು (ಅದರ ಒಂದು ಕೇಂದ್ರ ಕಾರವಾರದಲ್ಲಿಯೂ ಇದೆ) ಹಲವು ಜಾತಿಯ ಕ್ಲೌನ್ ಮೀನುಗಳಿಂದ ತೊಟ್ಟಿಯಲ್ಲೇ ಮೊಟ್ಟೆಯಿಡಿಸಿ ಮರಿ ಬೆಳೆಸುವ ವಿಧಾನವನ್ನು ರೂಪಿಸಿದ್ದಾರೆ. ಹಾಗೆ ಸಾಕಿದ ಮರಿ ತೊಟ್ಟಿಯ ನೀರಿಗೂ ಒಣ ಆಹಾರಕ್ಕೂ ಹುಟ್ಟಿನಿಂದಲೇ ಹೊಂದಿಕೊಂಡಿರುತ್ತದೆ. ಕಡಲಿನಿಂದ ಹಿಡಿದ ಮೀನು ಹೇಗೆ ಸಿಕ್ಕಿತೆಂದು ಹೇಳಲಾಗದು. ಫಿಲಿಪ್ಪೀನ್ಸಿನಲ್ಲಿ 1960ರ ದಶಕದಿಂದ ಬಂಡೆಯ ಸಂದಿಗೆ ಸಯನೈಡ್ ಚಿಮುಕಿಸಿ ಮೀನನ್ನು ಮಂಕುಮಾಡಿ ಹಿಡಿಯುವ ಕ್ರೂರ ಪದ್ಧತಿ ಹಬ್ಬಿತು. ಹಾಗೆ ಹಿಡಿದ ಮೀನು ಅಂಗಡಿಯಲ್ಲಿ ಲಕಲಕಿಸುತ್ತಿದ್ದು ಕೆಲವು ವಾರಗಳಲ್ಲಿ ಕಾರಣ ತಿಳಿಯದೆ ಸಾಯುವುದುಂಟು.

ಎರಡನೆಯದು ಹಳದಿ ಕಾವಲುಗಾರ ಗೋಬಿ. ಇದರ ಬಗ್ಗೆ ಬರೆಯಲು ನನಗೆ ಇಡೀ ಸಂಚಿಕೆ ಸಾಲದು. ಹತ್ತು ಸೆಂಟಿಮೀಟರ್ ಮೀರದ, ಕಪ್ಪೆಬಾಯಿಯ ಈ ಮೀನು ಮರಳಿನ ಬಿಲದ ಬಾಗಿಲಲ್ಲಿ ಕೂತಿರುತ್ತದೆ. ಬಿಲ ತೋಡಿದ್ದು ಅದಲ್ಲ, ಅದರ ಜೊತೆಗಾರ ಪಿಸ್ತೂಲು ಸಿಗಡಿ. ಸಿಗಡಿಗೆ ಕಣ್ಣು ಮಂದ. ತೋಡುವ ಕೆಲಸದಲ್ಲಿ ಮಾತ್ರ ಗಟ್ಟಿಗ. ಅದು ಮರಳನ್ನು ಹೊತ್ತು ಹೊರಗೆ ಬಂದಾಗಲೆಲ್ಲ ತನ್ನ ಉದ್ದನೆಯ ಮೀಸೆಯೊಂದನ್ನು ಗೋಬಿಯ ಮೈಮೇಲೆ ಇಟ್ಟೇ ಇರುತ್ತದೆ. ಅಪಾಯ ಕಂಡರೆ ಗೋಬಿ ಬಾಲವನ್ನು ಒಮ್ಮೆ ನಡುಗಿಸುತ್ತದೆ. ಸಿಗಡಿ ಹಿಂದೆ ಸರಿಯುತ್ತದೆ. ಅಪಾಯ ಹತ್ತಿರ ಬಂದರೆ ಗೋಬಿಯೇ ತಲೆಕೆಳಗಾಗಿ ಒಳನುಗ್ಗುತ್ತದೆ. ಒಬ್ಬನಿಗೆ ಮನೆ, ಇನ್ನೊಬ್ಬನಿಗೆ ಕಣ್ಣು. ಪರೀಕ್ಷೆಯ ದಿನಗಳಲ್ಲಿ ಪುಸ್ತಕ ಮುಚ್ಚಿಟ್ಟು ಇವರಿಬ್ಬರನ್ನು ನೋಡುತ್ತ ನಾನು ಕಳೆದ ಗಂಟೆಗಳನ್ನು ಲೆಕ್ಕ ಹಾಕಿದರೆ ನನ್ನ ಅಂಕಪಟ್ಟಿಯ ರಹಸ್ಯ ಬಯಲಾದೀತು. ಈ ಸಿಗಡಿ ಚಿಮ್ಮಟೆಯನ್ನು ಪಟಾರನೆ ಮುಚ್ಚಿ ಮಾಡುವ ಸದ್ದು ವಾಚನಾಲಯದ ನಿಶ್ಶಬ್ದದಲ್ಲಿ ಚೆನ್ನಾಗಿ ಕೇಳಿಸುತ್ತದೆ. ಮೊದಲ ಸಲ ಕೇಳಿದಾಗ ಜವಾನರು ಗಾಜು ಬಿರುಕುಬಿಟ್ಟಿತೆಂದು ಓಡಿಬಂದರು.

ಮೂರನೆಯದಾಗಿ ಬೆಂಕಿಮೀನು ಎನ್ನಬಹುದಾದ ಫೈರ್‌ಫಿಶ್. ಮುಂಭಾಗ ಬಿಳಿ, ಬಾಲ ಕೆಂಡದ ಬಣ್ಣ, ಸಾಧು ಪ್ರಾಣಿ. ಆದರೆ ಬೆದರಿದರೆ ಹಾರುತ್ತದೆ. ನಮ್ಮದು ಕಳೆದ ಆಗಸ್ಟಿನಲ್ಲಿ ಮುಚ್ಚಳದ ಎರಡು ಬೆರಳು ಸಂದಿಯಲ್ಲಿ ಹಾರಿ, ಮರುದಿನ ಗೆಜೆಟಿಯರುಗಳ ಹಿಂದೆ ಒಣಗಿ ಸಿಕ್ಕಿತು. ಸಂದಿ ಬಿಟ್ಟವನು ನಾನೇ. ಈಗ ಸೊಳ್ಳೆಪರದೆಯ ಬಲೆ ಬಿಗಿದಿದೆ.

ತರುವ ಕ್ರಮವೂ ಮುಖ್ಯವೇ. ಸಾಧುವಾದುದನ್ನು ಮೊದಲು, ಜೋರಿನದನ್ನು ಕೊನೆಗೆ. ಒಂದಕ್ಕೂ ಇನ್ನೊಂದಕ್ಕೂ ಮೂರು ನಾಲ್ಕು ವಾರಗಳ ಅಂತರ. ಬಂದ ಮೀನನ್ನು ನಾಲ್ಕು ವಾರ ಬೇರೆ ಪಾತ್ರೆಯಲ್ಲಿಟ್ಟು, ಮೈಮೇಲೆ ಬಿಳಿಚುಕ್ಕೆಯ ರೋಗ ಕಾಣದಿದ್ದರೆ ಮಾತ್ರ ತೊಟ್ಟಿಗೆ ಬಿಡತಕ್ಕದ್ದು. ನಾವು ಗೋಬಿಯನ್ನೂ ಸಿಗಡಿಯನ್ನೂ ಮೊದಲು ಬಿಟ್ಟು, ಬಳಿಕ ಫೈರ್‌ಫಿಶ್, ಕೊನೆಗೆ ಕ್ಲೌನ್ ಜೋಡಿಯನ್ನು ತಂದೆವು.

ಈಗ ಅರ್ಜಿಯ ನೀಲಿ ಮೀನು. ಅದು ಪ್ಯಾರಾಕ್ಯಾಂಥೂರಸ್ ಹೆಪಾಟಸ್, ಅದೇ ಚಿತ್ರದ ಮರೆಗುಳಿ ಡೋರಿ. ಅಂಗಡಿಯಲ್ಲಿ ಹೆಬ್ಬೆರಳಿನಷ್ಟಿರುವ ಇದು ಬೆಳೆದರೆ 30 ಸೆಂಟಿಮೀಟರ್. ಎಂದರೆ ನಮ್ಮ ತೊಟ್ಟಿಯ ಅಗಲದಲ್ಲಿ ಅದು ತಿರುಗುವುದೇ ಕಷ್ಟ. ದಿನವೆಲ್ಲ ಈಜಾಡುವ ಈ ಮೀನಿಗೆ ಆರಡಿಯ ತೊಟ್ಟಿಯಾದರೂ ಬೇಕು. ಇಕ್ಕಟ್ಟಿನಲ್ಲಿ ಬಿಳಿಚುಕ್ಕೆಯ ರೋಗ ಎಲ್ಲಕ್ಕಿಂತ ಮೊದಲು ಹಿಡಿಯುವುದು ಇದನ್ನೇ. ಇದರಿಂದ ಉಳಿದವಕ್ಕೂ ಹರಡುತ್ತದೆ. 2016ರಲ್ಲಿ ಫ್ಲಾರಿಡ ವಿಶ್ವವಿದ್ಯಾನಿಲಯದವರು ಇದರ ಮರಿಗಳನ್ನು ಮೊದಲ ಬಾರಿಗೆ ಪ್ರಯೋಗಾಲಯದಲ್ಲಿ ಬೆಳೆಸಿದರು. ಆದರೂ ಅಂಗಡಿಗೆ ಬರುವವು ಬಹುಮಟ್ಟಿಗೆ ಕಡಲಿನಿಂದ ಹಿಡಿದವೇ. ಸಣ್ಣದಿರುವಾಗ ಇಟ್ಟುಕೊಂಡು ದೊಡ್ಡದಾದ ಮೇಲೆ ನೋಡೋಣ ಎಂದು ಅರ್ಜಿಯಲ್ಲಿ ಬರೆದಿದೆ. ಡಾಮಿನೊ ತರುವಾಗ ನಾನೂ ಹಾಗೆಯೇ ಹೇಳಿದ್ದೆ. ಆದುದರಿಂದ ನನ್ನ ಅಭಿಪ್ರಾಯ: ಬೇಡ.

ಮಿತ್ರರು ಬೇಸರಿಸಬಾರದು. ವರ್ಗಣಿಯ ಹಣಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ನನ್ನಲ್ಲಿದೆ. ಮಳೆಗಾಲದಲ್ಲಿ ವಿದ್ಯುತ್ತು ಹೋದಾಗ ಗಾಳಿಯಾಡಿಸುವ ಬ್ಯಾಟರಿ ಪಂಪು ನಮ್ಮಲ್ಲಿಲ್ಲ. ಹೋದ ಜುಲೈಯಲ್ಲಿ ಒಂಬತ್ತು ಗಂಟೆ ವಿದ್ಯುತ್ತಿಲ್ಲದೆ ಇದ್ದಾಗ ನಾನೂ ಜವಾನರೂ ಸರದಿಯ ಮೇಲೆ ಲೋಟದಿಂದ ನೀರೆತ್ತಿ ಹೊಯ್ದೆವು. ಇದ್ದದ್ದು ಮೂರ್ನಾಲ್ಕು ಮೀನಾದ್ದರಿಂದ ಉಳಿದವು. ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವಾಗ ಹೊರಗಿನ ನೀರೂ ಸಿಗುವುದಿಲ್ಲ, ದಂಡೆಯ ನೀರು ಮಳೆಗೆ ಸಪ್ಪೆಯಾಗಿರುತ್ತದೆ. ಆ ಎರಡು ತಿಂಗಳಿಗೆ ಸಿದ್ಧ ಲವಣಮಿಶ್ರಣ ಕೊಳ್ಳಬೇಕು. ಸಾಣಿಕಟ್ಟೆಯ ಉಪ್ಪು ಕಡಲಿನದೇ ಅಲ್ಲವೆ, ಅದನ್ನೇ ಕರಗಿಸೋಣ ಎಂದು ಒಬ್ಬರು ಸೂಚಿಸಿದ್ದರು. ಆಗದು. ಆಗರದಲ್ಲಿ ಉಪ್ಪು ಕಟ್ಟುವಾಗ ಕ್ಯಾಲ್ಸಿಯಂ ಲವಣಗಳು ಮೊದಲೇ ತಳಕ್ಕಿಳಿದು ಬೇರೆಯಾಗುತ್ತವೆ, ಮೆಗ್ನೀಸಿಯಂ ಲವಣಗಳು ಕಹಿನೀರಿನಲ್ಲಿ ಹಿಂದುಳಿಯುತ್ತವೆ. ನಮಗೆ ಸಿಗುವುದು ಊಟದ ಉಪ್ಪು, ಕಡಲಲ್ಲ.

ಇನ್ನು ಬೇಸಗೆಯ ರಜೆ. ಈ ಸಲ ಪರೀಕ್ಷೆ ಮುಗಿದ ಮೇಲೆ ನಾನು ಇಲ್ಲಿರುವುದಿಲ್ಲ. ತೊಟ್ಟಿಯಿಂದ ದಿನಕ್ಕೆ ಸುಮಾರು ಒಂದು ಲೀಟರ್ ನೀರು ಆವಿಯಾಗುತ್ತದೆ; ಉಪ್ಪು ಆವಿಯಾಗುವುದಿಲ್ಲ. ಹತ್ತು ದಿನ ಮರೆತರೆ 35 ಇದ್ದದ್ದು 39 ದಾಟುತ್ತದೆ. ಗಾಜಿನ ಮೇಲೆ ಎಳೆದಿರುವ ಕೆಂಪು ಗೆರೆಯವರೆಗೆ ದಿನವೂ ಸಿಹಿನೀರು ಹಾಕಬೇಕು, ಉಪ್ಪುನೀರನ್ನಲ್ಲ. ಗೋಧಿಕಾಳಿನಷ್ಟು ಆಹಾರವನ್ನು ಎರಡು ಹೊತ್ತು ಕೊಡಬೇಕು. ಕ್ಲೌನ್ ಮೀನುಗಳು ಇಪ್ಪತ್ತು ವರ್ಷ ಬದುಕಿದ ದಾಖಲೆಗಳಿವೆ, ನಮ್ಮ ಬಿ.ಎ. ಮೂರೇ ವರ್ಷದ್ದು. ಗ್ರಂಥಪಾಲಕರ ಮೇಜಿನ ಮೇಲೆ ಸರದಿಯ ಪಟ್ಟಿಯೊಂದನ್ನು ಇಟ್ಟಿದ್ದೇನೆ. ಏಪ್ರಿಲಿನ ಮೊದಲ ವಾರಕ್ಕೆ ನನ್ನ ಹೆಸರಿದೆ. ಎರಡನೆಯ ವಾರದಿಂದ ಮುಂದೆ ಖಾಲಿ ಇದೆ.